ಒಂದೇ ಚಾನೆಲ್‌ನಲ್ಲಿದ್ದೂ ಮಾತು ಕೇಳಿಸದ ಎರಡು ಪೊಲೀಸ್ ರೇಡಿಯೋ: ದೋಷ ಹುಡುಕುವ ಬಗೆ

ದೂರು ಬರುವುದು ಯಾವಾಗಲೂ ಒಂದೇ ಧಾಟಿಯಲ್ಲಿ. "ಪಕ್ಕದ ಕೌಂಟಿಯವರ ಜೊತೆ ಮಾತಾಡೋಕೆ ಆಗ್ತಿಲ್ಲ. ರೇಡಿಯೋ ಕೆಟ್ಟಿದೆ." ಇದರಲ್ಲಿ ಮೊದಲ ಮಾತು ನಿಜ. ಎರಡನೆಯದು ಸಾಮಾನ್ಯವಾಗಿ ನಿಜವಲ್ಲ. ಅದೇ ರೇಡಿಯೋ ತನ್ನ ಇಲಾಖೆಯ ಚಾನೆಲ್‌ನಲ್ಲಿ ಬೆಳಗಿನಿಂದ ಚೆನ್ನಾಗಿ ಕೆಲಸ ಮಾಡುತ್ತಿರುತ್ತದೆ. ಆಚೆ ಕಡೆಯ ರೇಡಿಯೋ ಕೂಡ ಅಷ್ಟೇ. ಎರಡೂ ಆರೋಗ್ಯವಾಗಿವೆ, ಆದರೆ ಒಂದರ ಮಾತು ಇನ್ನೊಂದಕ್ಕೆ ತಲುಪುತ್ತಿಲ್ಲ. ಹಾಗಾಗಿ ಸ್ಕ್ರೂಡ್ರೈವರ್ ಕೆಳಗಿಡಿ. ನಾವು ಹುಡುಕಬೇಕಿರುವುದು ಕೆಟ್ಟ ಭಾಗವನ್ನಲ್ಲ, ಎರಡು ರೇಡಿಯೋಗಳಲ್ಲಿ ಬೇರೆ ಬೇರೆಯಾಗಿ ಬರೆದ ಒಂದು ಅಂಕಿಯನ್ನು.

ಈ ಬರಹ ಅಮೆರಿಕದ ಪೊಲೀಸ್ ರೇಡಿಯೋಗಳ ಬಗ್ಗೆ. ಅಲ್ಲಿ ನಗರದ ಪೊಲೀಸ್, ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಶೆರಿಫ್, ರಾಜ್ಯದ ಪೊಲೀಸ್ ಹೀಗೆ ಇಲಾಖೆಗಳು ಸಾವಿರಗಟ್ಟಲೆ. ತಮ್ಮ ದುಡ್ಡು, ತಮ್ಮ ಅನುಕೂಲ ನೋಡಿಕೊಂಡು ಒಬ್ಬೊಬ್ಬರು ಒಂದೊಂದು ಕಾಲದಲ್ಲಿ ರೇಡಿಯೋ ಕೊಂಡವರು. ಇವರೆಲ್ಲ ಒಂದೇ ಘಟನೆಗೆ ಬಂದು ಸೇರಿದಾಗ ಪರಸ್ಪರ ಮಾತಾಡಲಿ ಎಂದು ಅಲ್ಲಿನ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಕೆಲವು ಫ್ರೀಕ್ವೆನ್ಸಿಗಳನ್ನು ಇಡೀ ದೇಶಕ್ಕೆ ಒಂದೇ ಎಂದು ಎತ್ತಿಟ್ಟಿದೆ. ರೇಡಿಯೋದವರ ಬಾಯಲ್ಲಿ ಇವು ಇಂಟರ್‌ಆಪ್ ಚಾನೆಲ್‌ಗಳು. ವರ್ಷದಲ್ಲಿ ಒಂದೋ ಎರಡೋ ಸಲ ಬಳಕೆಯಾಗುತ್ತವೆ. ತೊಂದರೆಯ ಮೂಲವೇ ಅದು. ದಿನಾ ಬಳಸುವ ಚಾನೆಲ್‌ನಲ್ಲಿ ತಪ್ಪಿದ್ದರೆ ಮೊದಲ ದಿನವೇ ಗೊತ್ತಾಗುತ್ತದೆ. ಇಲ್ಲಿ ತಪ್ಪು ಐದು ವರ್ಷ ಸುಮ್ನೆ ಕೂತಿದ್ದು, ಬೇಕಾದ ರಾತ್ರಿಯೇ ಎದ್ದು ನಿಲ್ಲುತ್ತದೆ.

ಮೊದಲು ಕೇಳಬೇಕಾದ ಮೂರು ಪ್ರಶ್ನೆ

ರೇಡಿಯೋವನ್ನು ಕೇಬಲ್‌ಗೆ ಸಿಕ್ಕಿಸುವ ಮುಂಚೆ ದೂರು ಕೊಟ್ಟವರ ಹತ್ತಿರ ಐದು ನಿಮಿಷ ಮಾತಾಡಿ. ಇಬ್ಬರಿಗೂ ಕೇಳಿಸಲಿಲ್ಲವೋ, ಒಬ್ಬರಿಗೆ ಮಾತ್ರವೋ? ಏನೂ ಕೇಳಿಸಲಿಲ್ಲವೋ, ಅಥವಾ ಗೊರಗೊರ, ಒಡಕು ದನಿ, ಅರ್ಧ ಮಾತು ಹೀಗೆ ಏನಾದರೂ ಬಂತೋ? ಆಗ ರೇಡಿಯೋ ಮೇಲಿನ ಸಣ್ಣ ದೀಪ ಹತ್ತಿತ್ತೋ?

ಮೂರನೆಯ ಪ್ರಶ್ನೆಗೆ ಜಾಸ್ತಿ ಬೆಲೆ ಇದೆ. ಬಹಳಷ್ಟು ರೇಡಿಯೋಗಳಲ್ಲಿ ಚಾನೆಲ್ ಮೇಲೆ ಯಾವುದೇ ಅಲೆ ಬಂದರೂ ಒಂದು ದೀಪ ಹತ್ತುತ್ತದೆ ಅಥವಾ ಮಿನುಗುತ್ತದೆ. ದೀಪ ಹತ್ತಿದೆ, ಸ್ಪೀಕರ್ ಮೌನ ಎಂದರೆ ಅಲೆ ಮನೆ ಬಾಗಿಲವರೆಗೆ ಬಂದಿದೆ, ಒಳಗೆ ಬಿಟ್ಟುಕೊಂಡಿಲ್ಲ ಎಂದರ್ಥ. ಆಗ ಆಂಟೆನಾ, ದೂರ, ಫ್ರೀಕ್ವೆನ್ಸಿ ಮೂರನ್ನೂ ಒಂದೇ ಏಟಿಗೆ ಪಟ್ಟಿಯಿಂದ ಹೊಡೆದು ಹಾಕಬಹುದು. ದೀಪವೇ ಹತ್ತಲಿಲ್ಲ ಅಂದರೆ ಆ ಮೂರರಿಂದಲೇ ಶುರು.

ಇನ್ನೊಂದು ಸಂಗತಿ. ರೇಡಿಯೋ ಸ್ಕ್ಯಾನ್‌ನಲ್ಲಿತ್ತಾ, ಅಂದರೆ ಹಲವು ಚಾನೆಲ್‌ಗಳನ್ನು ಒಂದಾದ ಮೇಲೊಂದು ಕೇಳುತ್ತಾ ಹೋಗುತ್ತಿತ್ತಾ ಕೇಳಿ. ಇದು ನಾನು ಬೆಂಚಿನ ಮುಂದೆ ಕೂತು ತುಂಬಾ ತಡವಾಗಿ ಕಲಿತದ್ದು. ಅಧಿಕಾರಿಯ ರೇಡಿಯೋ ಸ್ಕ್ಯಾನ್ ಮಾಡುತ್ತಾ ಇಂಟರ್‌ಆಪ್ ಚಾನೆಲ್‌ನ ಮಾತನ್ನು ಹಿಡಿಯುತ್ತದೆ. ಆತ ತಕ್ಷಣ ಪಿಟಿಟಿ (ಮಾತಾಡಲು ಒತ್ತುವ ಬಟನ್) ಒತ್ತಿ ಉತ್ತರಿಸುತ್ತಾರೆ. ಆದರೆ ಗುಂಡಿ ನಿಂತಿರುವುದು ತನ್ನ ಇಲಾಖೆಯ ಚಾನೆಲ್ ಮೇಲೆ. ಉತ್ತರ ಅಲ್ಲಿಗೆ ಹೋಗುತ್ತದೆ. ಆಚೆಯವರು ಕರೆದೂ ಕರೆದೂ ಸುಸ್ತು, ಈಚೆಯವರು ಉತ್ತರ ಕೊಟ್ಟೂ ಕೊಟ್ಟೂ ಸುಸ್ತು. ನಾನೊಮ್ಮೆ ಇದೇ ದೂರಿಗೆ ಎರಡು ರೇಡಿಯೋಗಳ ಆಂಟೆನಾ ಬದಲಿಸಿ, ಬ್ಯಾಟರಿ ಬದಲಿಸಿ, ಅರ್ಧ ದಿನ ಕಳೆದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಬ್ಯಾಂಡ್ ಒಂದೇನಾ?

ದೀಪ ಹತ್ತದ ದೂರಿನಲ್ಲಿ ಇದು ಮೊದಲ ತಪಾಸಣೆ. ಬ್ಯಾಂಡ್ ಎಂದರೆ ಅಕ್ಕಪಕ್ಕದ ಫ್ರೀಕ್ವೆನ್ಸಿಗಳ ಒಂದು ಗುಂಪು. ಪೊಲೀಸ್ ರೇಡಿಯೋಗಳು ಹರಡಿಕೊಂಡಿರುವ ಜಾಗ ದೊಡ್ಡದು. 30ರಿಂದ 50 ಮೆಗಾಹರ್ಟ್ಸ್ ಆಸುಪಾಸಿನ ಲೋ ಬ್ಯಾಂಡ್, 150ರ ಮೇಲಿನ ವಿಎಚ್‌ಎಫ್, 450ರ ಮೇಲಿನ ಯುಎಚ್‌ಎಫ್, ಆಮೇಲೆ 700 ಮತ್ತು 800. ಒಂದೇ ಬ್ಯಾಂಡಿನ ರೇಡಿಯೋ ಇನ್ನೊಂದು ಬ್ಯಾಂಡನ್ನು ಕೇಳುವುದಿಲ್ಲ, ಎಷ್ಟೇ ಪ್ರೋಗ್ರಾಂ ಮಾಡಿದರೂ ಕೇಳುವುದಿಲ್ಲ. ಒಬ್ಬರ ಹತ್ತಿರ ವಿಎಚ್‌ಎಫ್, ಇನ್ನೊಬ್ಬರ ಹತ್ತಿರ 800 ಇದ್ದರೆ ಅಲ್ಲಿ ದುರಸ್ತಿ ಮಾಡುವುದು ಏನೂ ಇಲ್ಲ. ಎರಡೂ ಬ್ಯಾಂಡ್ ಇರುವ ರೇಡಿಯೋ ಬೇಕು, ಇಲ್ಲವೇ ಮಧ್ಯೆ ಗೇಟ್‌ವೇ ಬೇಕು. ಗೇಟ್‌ವೇ ಕಥೆ ಮುಂದೆ ಬರುತ್ತದೆ.

ಹೆಸರು ಒಂದೇನಾ ಎನ್ನುವುದಕ್ಕಿಂತ ಅಂಕಿ ಒಂದೇನಾ ನೋಡಿ

ರೇಡಿಯೋ ಪರದೆಯ ಮೇಲೆ ಕಾಣುವ ಹೆಸರು ಬರೀ ಚೀಟಿ. ಪ್ರೋಗ್ರಾಂ ಮಾಡಿದವರು ಏನು ಬರೆದರೋ ಅದು. 155.4750 ಮೆಗಾಹರ್ಟ್ಸ್ ತೆಗೆದುಕೊಳ್ಳಿ. ಪೊಲೀಸರು ಇಲಾಖೆ ಇಲಾಖೆಗಳ ನಡುವೆ ಮಾತಾಡಲು ಬಹಳ ಕಾಲದಿಂದ ಬಳಸಿದ ಫ್ರೀಕ್ವೆನ್ಸಿ ಇದು. ಇಲಿನಾಯ್‌ನಲ್ಲಿ ಇದರ ಹೆಸರು ಇಸ್ಪರ್ನ್. ಮಿನ್ನೆಸೋಟದಲ್ಲಿ ಮಿನ್‌ಸೆಫ್. ಕ್ಯಾಲಿಫೋರ್ನಿಯಾದಲ್ಲಿ ನಾಲೆಮಾರ್ಸ್. ದೇಶಕ್ಕೆಲ್ಲ ಒಂದೇ ಎಂದು ಇಟ್ಟ ಹೆಸರು ವಿಲಾ31. ಒಬ್ಬರು "ವಿಲಾ31ಕ್ಕೆ ಬನ್ನಿ" ಎಂದರೆ, ಹಳೆಯ ಹೆಸರಷ್ಟೇ ಗೊತ್ತಿರುವ ಇನ್ನೊಬ್ಬರು "ನಮ್ಮಲ್ಲಿ ಅದಿಲ್ಲ" ಎನ್ನುತ್ತಾರೆ. ಇದ್ದೇ ಇರುತ್ತದೆ, ಬೇರೆ ಹೆಸರಲ್ಲಿ.

ಈ ಗೊಂದಲ ಬಗೆಹರಿಸಲೆಂದೇ ಹೆಸರಿಡುವ ಒಂದು ಕ್ರಮ ಬಂತು. ತಿಳಿದುಕೊಂಡರೆ ಅರ್ಧ ಕೆಲಸ ಹಗುರ. ಮೊದಲ ಅಕ್ಷರ ಬ್ಯಾಂಡ್: ವಿ ಅಂದರೆ ವಿಎಚ್‌ಎಫ್, ಯು ಅಂದರೆ ಯುಎಚ್‌ಎಫ್, 7 ಮತ್ತು 8 ಅಂದರೆ 700 ಮತ್ತು 800. ಮಧ್ಯದ ತುಂಡು ಕೆಲಸ ಹೇಳುತ್ತದೆ: ಕಾಲ್ ಎಂದರೆ ಕರೆಯಲು, ಟ್ಯಾಕ್ ಎಂದರೆ ಕರೆದ ಮೇಲೆ ಹೋಗಿ ಮಾತಾಡಲು, ಲಾ ಎಂದರೆ ಪೊಲೀಸರಿಗೆ. ಕೊನೆಗೆ ಒಂದು ಸಂಖ್ಯೆ. ಸಂಖ್ಯೆ ಆದ ಮೇಲೆ ಡಿ ಇದ್ದರೆ ನೇರ ಮಾತು, ಮಧ್ಯೆ ರಿಪೀಟರ್ (ಮಾತನ್ನು ಹಿಡಿದು ಮತ್ತೆ ಪ್ರಸಾರ ಮಾಡುವ ಸ್ಟೇಷನ್) ಇಲ್ಲ ಎಂದು.

ಹೋಲಿಸಿ ನೋಡಲು ಬೇಕಾದ ಅಂಕಿಗಳು ಇಲ್ಲಿವೆ. ವಿಕಾಲ್10 ಎಂದರೆ 155.7525. ವಿಟ್ಯಾಕ್11 ರಿಂದ 14 ಕ್ರಮವಾಗಿ 151.1375, 154.4525, 158.7375, 159.4725. ವಿಲಾ31 ಮೇಲೆ ಹೇಳಿದ್ದು, ವಿಲಾ32 ಎಂದರೆ 155.4825. ಯುಎಚ್‌ಎಫ್‌ನಲ್ಲಿ ಯುಕಾಲ್40 ಕೇಳುವುದು 453.2125ರಲ್ಲಿ, ಯುಟ್ಯಾಕ್41, 42, 43 ಕೇಳುವುದು 453.4625, 453.7125, 453.8625ರಲ್ಲಿ. ಇವು ರಿಪೀಟರ್‌ಗೆ ಮಾತು ಕಳಿಸುವಾಗ 5 ಮೆಗಾಹರ್ಟ್ಸ್ ಮೇಲೆ ಹೋಗುತ್ತವೆ. 800ರಲ್ಲಿ 8ಕಾಲ್90 ಕೇಳುವುದು 851.0125ರಲ್ಲಿ. 8ಟ್ಯಾಕ್91ರಿಂದ 94ರವರೆಗೆ ಒಂದೊಂದಕ್ಕೂ ಅರ್ಧ ಮೆಗಾಹರ್ಟ್ಸ್ ಕೂಡಿಸುತ್ತಾ ಹೋಗಿ: 851.5125, 852.0125, 852.5125, 853.0125. ಇವು ಕಳಿಸುವುದು 45 ಮೆಗಾಹರ್ಟ್ಸ್ ಕೆಳಗೆ.

155.4750 ಮತ್ತು 155.4825 ಎರಡನ್ನೂ ಇನ್ನೊಮ್ಮೆ ನೋಡಿ. ಬರೀ ಏಳೂವರೆ ಕಿಲೋಹರ್ಟ್ಸ್ ಅಂತರ. ಒಂದರಲ್ಲಿ ಮಾತಾಡಿದರೆ ಹತ್ತಿರದಲ್ಲಿರುವ ಇನ್ನೊಂದಕ್ಕೆ ಒಡಕು ಒಡಕಾಗಿ ಕೇಳಿಸಬಹುದು. "ಕೇಳಿಸ್ತದೆ ಆದರೆ ಸರಿಯಿಲ್ಲ" ಎಂಬ ದೂರಿಗೆ ಇದೂ ಒಂದು ಕಾರಣ.

800ರಲ್ಲಿ ಇನ್ನೊಂದು ಹಳೆಯ ಭೂತ ಇದೆ. 2004ರಲ್ಲಿ ಎಫ್‌ಸಿಸಿ ಆ ಬ್ಯಾಂಡನ್ನೇ ಮರುಜೋಡಿಸಲು ಹೇಳಿತು, ಏಕೆಂದರೆ ಮೊಬೈಲ್ ಫೋನ್ ಕಂಪನಿಯ ಟವರ್‌ಗಳು ಪೊಲೀಸ್ ರೇಡಿಯೋಗಳಿಗೆ ಅಡ್ಡಿ ಮಾಡುತ್ತಿದ್ದವು. ಕೆಲಸ ಪೂರ್ತಿ ಮುಗಿಯುವಷ್ಟರಲ್ಲಿ 2021 ಬಂತು. ಅದರಲ್ಲಿ ಇಂಟರ್‌ಆಪ್ ಚಾನೆಲ್‌ಗಳು 15 ಮೆಗಾಹರ್ಟ್ಸ್ ಕೆಳಗೆ ಇಳಿದವು. ಮೊದಲು ಐಕಾಲ್ ಎಂಬ ಹೆಸರಲ್ಲಿ 866.0125ರಲ್ಲಿ ಇದ್ದದ್ದು ಈಗಿನ 8ಕಾಲ್90. ಗೋದಾಮಿನಿಂದ ತೆಗೆದ ಹಳೆಯ ರೇಡಿಯೋದಲ್ಲಿ 866 ಕಂಡರೆ ಮುಂದೆ ಏನೂ ಹುಡುಕಬೇಡಿ, ಅದೇ ದೋಷ.

ಎತ್ತು ಏರಿಗೆ, ಕೋಣ ನೀರಿಗೆ

ಒಬ್ಬರಿಗೆ ಮಾತ್ರ ಕೇಳಿಸುತ್ತದೆ ಎಂಬ ದೂರು ಬಂದರೆ ನಾನು ಮೊದಲು ನೋಡುವುದು ಕೊನೆಯ ಡಿ ಅಕ್ಷರವನ್ನು. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಮೇಲ್ನೋಟಕ್ಕೆ ಇದು ಕೆಟ್ಟ ರೇಡಿಯೋದ ಹಾಗೇ ಕಾಣುತ್ತದೆ.

ಒಬ್ಬರು 8ಟ್ಯಾಕ್91ರಲ್ಲಿ ಇದ್ದಾರೆ. ಅವರ ರೇಡಿಯೋ 851.5125ರಲ್ಲಿ ಕೇಳುತ್ತದೆ, 806.5125ರಲ್ಲಿ ಕಳಿಸುತ್ತದೆ. ಆ ಮಾತನ್ನು ರಿಪೀಟರ್ ಹಿಡಿದು 851.5125ಕ್ಕೆ ಎತ್ತಿ ಎಲ್ಲರಿಗೂ ಹಂಚಬೇಕು. ಇನ್ನೊಬ್ಬರು 8ಟ್ಯಾಕ್91ಡಿಯಲ್ಲಿ ಇದ್ದಾರೆ. ಅವರದು ಕೇಳುವುದೂ ಕಳಿಸುವುದೂ 851.5125ರಲ್ಲೇ. ಈಗ ಆ ಜಾಗದಲ್ಲಿ ರಿಪೀಟರ್ ಇಲ್ಲ ಅಥವಾ ಅದನ್ನು ಯಾರೂ ಆನ್ ಮಾಡಿಲ್ಲ ಎಂದುಕೊಳ್ಳಿ. ಡಿಯಲ್ಲಿ ಇರುವವರು ಮಾತಾಡಿದರೆ ಮೊದಲನೆಯವರಿಗೆ ಗಂಟೆ ಬಾರಿಸಿದಂತೆ ಕೇಳುತ್ತದೆ. ಮೊದಲನೆಯವರು ಉತ್ತರಿಸಿದರೆ ಅದು 806.5125ರಲ್ಲಿ ಗಾಳಿಗೆ ಹೋಗುತ್ತದೆ, ಕೇಳುವವರು ಯಾರೂ ಇಲ್ಲ. ಡಿಯಲ್ಲಿ ಇರುವವರು "ನಿಮ್ಮ ಟ್ರಾನ್ಸ್‌ಮಿಟರ್ ಹೋಗಿದೆ" ಎನ್ನುತ್ತಾರೆ. ಅದಕ್ಕೇನೂ ಆಗಿಲ್ಲ, ಕಳಿಸುತ್ತಲೇ ಇದೆ.

ಪರೀಕ್ಷೆ ಸುಲಭ. ಇಬ್ಬರನ್ನೂ ಡಿಗೆ ಹಾಕಿ. ಕೇಳಿಸಿದರೆ ರೇಡಿಯೋ ಎರಡೂ ಸರಿ, ತೊಂದರೆ ರಿಪೀಟರ್‌ನದು. ಇಂಟರ್‌ಆಪ್ ರಿಪೀಟರ್‌ಗಳನ್ನು ಬಹಳ ಕಡೆ ಆಫ್ ಮಾಡಿಯೇ ಇಟ್ಟಿರುತ್ತಾರೆ, ಬೇಕಾದಾಗ ಡಿಸ್ಪ್ಯಾಚ್‌ನವರು, ಅಂದರೆ ಕರೆ ತೆಗೆದುಕೊಂಡು ಸಿಬ್ಬಂದಿಯನ್ನು ಕಳಿಸುವ ಕೇಂದ್ರದವರು, ಎಬ್ಬಿಸುತ್ತಾರೆ. ಅವರಿಗೆ ಒಂದು ಫೋನ್ ಮಾಡಿದರೆ ಸಾಕು.

ಮುಖ್ಯವಾದ ವಿಟ್ಯಾಕ್ ಚಾನೆಲ್‌ಗಳಲ್ಲಿ ಈ ಪ್ರಶ್ನೆ ಇಲ್ಲ, 11ರಿಂದ 14 ಎಲ್ಲ ನೇರ ಮಾತೇ. ಆದರೆ ಅವೇ ಫ್ರೀಕ್ವೆನ್ಸಿಗಳನ್ನು ಜೋಡಿ ಮಾಡಿ ವಿಟ್ಯಾಕ್33ರಿಂದ 38ರವರೆಗೆ ರಿಪೀಟರ್ ಚಾನೆಲ್‌ಗಳನ್ನು ಮಾಡಿದ್ದಾರೆ. ಆ ರಿಪೀಟರ್‌ಗಳನ್ನು ಎಬ್ಬಿಸುವ ಟೋನ್ (ಅದೇನೆಂದು ಮುಂದೆ ಬರುತ್ತದೆ) ಬೇರೆ, 136.5 ಹರ್ಟ್ಸ್. ಎಲ್ಲ ಕಡೆ ಒಂದೇ ಟೋನ್ ಎಂದುಕೊಂಡು ಪ್ರೋಗ್ರಾಂ ಮಾಡಿದವರು ಇಲ್ಲಿ ಬಿದ್ದಿರುತ್ತಾರೆ.

ದೀಪ ಹತ್ತಿದೆ, ದನಿ ಇಲ್ಲ: ಟೋನ್

ಟೋನ್ ಎಂದರೆ ಮಾತಿನ ಅಡಿಯಲ್ಲಿ ಸದಾ ಹರಿಯುವ ಒಂದು ಸಣ್ಣ ಗುಂಯ್ ಸದ್ದು. ಕಿವಿಗೆ ಬೀಳುವುದಿಲ್ಲ, ಸ್ಪೀಕರ್‌ಗೆ ಹೋಗುವ ಮುಂಚೆಯೇ ಸೋಸಿ ಬಿಡುತ್ತಾರೆ. ಸಿಟಿಸಿಎಸ್‌ಎಸ್ ಎನ್ನುವುದು ಇದನ್ನೇ. ಕೇಳುವ ರೇಡಿಯೋಗೆ "ಈ ಟೋನ್ ಇದ್ದರೆ ಮಾತ್ರ ಬಾಯಿ ತೆರೆ" ಎಂದು ಹೇಳಿಟ್ಟರೆ ಬೇರೆಯವರ ಮಾತು, ಗದ್ದಲ ಎಲ್ಲ ಹೊರಗೇ ಉಳಿಯುತ್ತದೆ.

ವಿಎಚ್‌ಎಫ್, ಯುಎಚ್‌ಎಫ್, 800ರ ಇಂಟರ್‌ಆಪ್ ಚಾನೆಲ್‌ಗಳಿಗೆ ಗೊತ್ತು ಮಾಡಿದ ಟೋನ್ 156.7 ಹರ್ಟ್ಸ್. ರೂಢಿ ಹೀಗಿದೆ: ಕಳಿಸುವಾಗ 156.7 ಹಾಕು, ಕೇಳುವಾಗ ಟೋನ್ ಕೇಳಬೇಡ, ಬಂದದ್ದನ್ನೆಲ್ಲ ಬಿಡು. ಯೋಚಿಸಿ ಮಾಡಿದ ಕ್ರಮ ಇದು. ಎಲ್ಲಿಂದಲೋ ಬಂದವರ ಹಳೆಯ ರೇಡಿಯೋದಲ್ಲಿ ಟೋನ್ ಇಲ್ಲದಿದ್ದರೂ ಅವರ ಮಾತು ಕಿವಿಗೆ ಬೀಳಬೇಕು, ಅಲ್ವಾ? ಆದರೆ ಕೆಲವರಿಗೆ ಗದ್ದಲ ಬೇಡ. ಅವರು ಕೇಳುವ ಕಡೆಯೂ ಟೋನ್ ಹಾಕಿಬಿಡುತ್ತಾರೆ. ಬೀಗ ಬಿದ್ದದ್ದು ಅಲ್ಲಿ. ಟೋನ್ ಇಲ್ಲದೆ 155.4750 ಪ್ರೋಗ್ರಾಂ ಮಾಡಿದ ಹಳೆಯ ರೇಡಿಯೋ ಬಂದರೆ ಅದರ ಮಾತು ಇವರಿಗೆ ಕೇಳುವುದೇ ಇಲ್ಲ. ಇವರ ಮಾತು ಮಾತ್ರ ಅದಕ್ಕೆ ಚೆನ್ನಾಗಿ ಕೇಳುತ್ತದೆ. ಮತ್ತೆ ಒಂದೇ ಕಡೆಯ ದೂರು.

ಪರೀಕ್ಷೆಗೆ ಉಪಕರಣ ಬೇಡ. ಕೇಳಿಸದ ರೇಡಿಯೋದಲ್ಲಿ ಮಾನಿಟರ್ ಬಟನ್ ಒತ್ತಿ ಹಿಡಿದುಕೊಳ್ಳಿ. ಅದು ಟೋನ್ ಕಾವಲನ್ನು ಬದಿಗೆ ಸರಿಸುತ್ತದೆ. ಆಗ ಆಚೆಯವರು ಮಾತಾಡಲಿ. ಕೇಳಿಸಿತೋ, ದೋಷ ಟೋನ್‌ನದು, ಮುಗಿಯಿತು. ಕೇಳಿಸಲಿಲ್ಲವೋ, ಬರೀ ಶೂ ಎಂದಿತೋ, ಟೋನ್ ಬಿಟ್ಟು ಮುಂದಕ್ಕೆ ಹೋಗಿ.

ಟೋನ್ ಹಾಕಿದ್ದಾರೆ ಎಂದು ಇಬ್ಬರೂ ಹೇಳಿದರೂ ಸಾಫ್ಟ್‌ವೇರ್ ತೆರೆದು ಅಂಕಿಯನ್ನು ಕಣ್ಣಿಂದ ನೋಡಿ. ಪಟ್ಟಿಯಲ್ಲಿ 151.4, 156.7, 162.2 ಒಂದರ ಕೆಳಗೊಂದು ಕೂತಿರುತ್ತವೆ. ಮೌಸ್ ಒಂದು ಸಾಲು ಜಾರಿದರೆ ಸಾಕು. ಕೆಲವರ ಕಾಗದದಲ್ಲಿ 156.7 ಎಂದು ಇರುವುದಿಲ್ಲ, ಅದರ ಹಳೆಯ ಗುರುತು 5ಎ ಎಂದಿರುತ್ತದೆ. ಪಕ್ಕದ 162.2ರ ಗುರುತು 5ಬಿ. ಕೈಬರಹದಲ್ಲಿ ಇದ್ದರೆ ದೇವರೇ ಗತಿ.

ದನಿ ಇದೆ, ಚೆನ್ನಾಗಿಲ್ಲ: ಅಗಲ

2013ರ ಜನವರಿ 1ರೊಳಗೆ ವಿಎಚ್‌ಎಫ್ ಮತ್ತು ಯುಎಚ್‌ಎಫ್ ಬಳಸುವವರೆಲ್ಲ 25 ಕಿಲೋಹರ್ಟ್ಸ್ ಅಗಲದಿಂದ ಹನ್ನೆರಡೂವರೆಗೆ ಇಳಿಯಬೇಕು ಎಂದು ಎಫ್‌ಸಿಸಿ ಗಡುವು ಹಾಕಿತ್ತು. ರಸ್ತೆಯನ್ನು ಅರ್ಧ ಮಾಡಿ ಎರಡು ಗಾಡಿಗೆ ಜಾಗ ಮಾಡಿಕೊಟ್ಟ ಹಾಗೆ. ಹಳೆಯ ಅಗಲದಲ್ಲೇ ಉಳಿದ ರೇಡಿಯೋ ಮಾತಾಡಿದರೆ ಹೊಸ ರೇಡಿಯೋದಲ್ಲಿ ದನಿ ಜೋರಾಗಿ, ಒಡೆದು ಬರುತ್ತದೆ. ಕೂಗಿ ಹೇಳಿದ ಮಾತಂತೂ ಮಧ್ಯೆ ಮಧ್ಯೆ ಕತ್ತರಿಸಿ ಹೋಗುತ್ತದೆ. ಮೆಲ್ಲಗೆ ಮಾತಾಡಿದರೆ ಸರಿ ಕೇಳುತ್ತದೆ. ಈ ಲಕ್ಷಣ ಕಂಡರೆ ಅಗಲದ್ದೇ ತಪ್ಪು. ಉಲ್ಟಾ ಆದರೆ, ಅಂದರೆ ಕಿರಿದಾದ ಮಾತು ಅಗಲದ ರೇಡಿಯೋಗೆ ಬಂದರೆ, ದನಿ ಸ್ವಚ್ಛ, ಆದರೆ ಬಾವಿಯೊಳಗಿಂದ ಬಂದಂತೆ ಸಣ್ಣದು. ವಾಲ್ಯೂಮ್ ತಿರುಗಿಸಿ ತಿರುಗಿಸಿ ಗುಂಡಿ ಸವೆಯುತ್ತದೆ.

800ರ ಇಂಟರ್‌ಆಪ್ ಚಾನೆಲ್‌ಗಳಿಗೆ ಆ ಗಡುವು ಅನ್ವಯಿಸುವುದಿಲ್ಲ ಎನ್ನುವುದನ್ನು ಜನ ಮರೆಯುತ್ತಾರೆ. ಅವು ಅಗಲದ ಎಫ್‌ಎಂನಲ್ಲೇ ಇವೆ. ಅಲ್ಲಿ ಡೀವಿಯೇಶನ್, ಅಂದರೆ ಮಾತಿಗೆ ತಕ್ಕಂತೆ ಫ್ರೀಕ್ವೆನ್ಸಿ ಅತ್ತಿತ್ತ ತೂಗುವ ಅಳತೆ, 4 ಕಿಲೋಹರ್ಟ್ಸ್‌ವರೆಗೆ, ಕಿರಿದಾದ ವಿಎಚ್‌ಎಫ್‌ನಲ್ಲಿ ಎರಡೂವರೆ. 2013ರ ಗಡಿಬಿಡಿಯಲ್ಲಿ ರೇಡಿಯೋದ ಎಲ್ಲ ಚಾನೆಲ್‌ಗಳನ್ನೂ ಒಂದೇ ಸಲ "ನ್ಯಾರೋ" ಮಾಡಿದವರ 8ಟ್ಯಾಕ್ ಚಾನೆಲ್‌ಗಳು ಇವತ್ತಿಗೂ ಪಿಸುಗುಟ್ಟುತ್ತಿರಬಹುದು.

ಗೊರಗೊರ ಮತ್ತು ಪೂರ್ತಿ ಮೌನ: ಡಿಜಿಟಲ್ ಗೋಳು

ವಿಎಚ್‌ಎಫ್, ಯುಎಚ್‌ಎಫ್, 800ರ ಇಂಟರ್‌ಆಪ್ ಚಾನೆಲ್‌ಗಳು ಹಳೆಯ ಅನಲಾಗ್ ಎಫ್‌ಎಂ. 700ರದು ಮಾತ್ರ ಡಿಜಿಟಲ್, ಪಿ25 ಎಂಬ ಮಾನದಂಡದ್ದು. ಒಂದು ಇಲಾಖೆ ತನ್ನ ಎಲ್ಲ ಚಾನೆಲ್‌ಗಳನ್ನೂ ಪಿ25ಗೆ ಬದಲಿಸುವಾಗ ಅಭ್ಯಾಸ ಬಲದಿಂದ ವಿಲಾ31ನ್ನೂ ಡಿಜಿಟಲ್ ಮಾಡಿಬಿಟ್ಟರೆ, ಆಚೆಯ ಅನಲಾಗ್ ರೇಡಿಯೋದಲ್ಲಿ ದೋಣಿಯ ಮೋಟಾರು ಓಡಿದಂತೆ ಸದ್ದು ಬರುತ್ತದೆ. ಆಚೆಯವರ ಅನಲಾಗ್ ಮಾತು ಇವರ ಡಿಜಿಟಲ್ ಕಿವಿಗೆ ಏನೂ ಅಲ್ಲ. ದೀಪ ಹತ್ತುತ್ತದೆ, ಸದ್ದು ಸೊನ್ನೆ, ಮಾನಿಟರ್ ಒತ್ತಿದರೂ ಸುಖವಿಲ್ಲ. ಟೋನ್ ಪರೀಕ್ಷೆ ಸೋತಾಗ ಎರಡನೆಯದಾಗಿ ನೋಡಬೇಕಾದ್ದು ಇದನ್ನೇ.

ಇಬ್ಬರೂ ಪಿ25ರಲ್ಲಿದ್ದರೆ ಟೋನ್‌ನ ಜಾಗದಲ್ಲಿ ಎನ್‌ಎಸಿ ಎಂಬ ಸಂಖ್ಯೆ ಇರುತ್ತದೆ. 700ರ ಇಂಟರ್‌ಆಪ್ ಚಾನೆಲ್‌ಗಳಿಗೆ ಅದು 293. ಉದಾಹರಣೆಗೆ 7ಕಾಲ್50 ಕೇಳುವುದು 769.24375ರಲ್ಲಿ, ಕಳಿಸುವುದು 30 ಮೆಗಾಹರ್ಟ್ಸ್ ಮೇಲೆ 799.24375ರಲ್ಲಿ, ಎನ್‌ಎಸಿ 293. ಆದರೆ ಈ 293 ನಮ್ಮ ನಿಮ್ಮ ದಶಮಾನದ ಇನ್ನೂರ ತೊಂಬತ್ತಮೂರಲ್ಲ, ಹದಿನಾರರ ಲೆಕ್ಕದ್ದು (ಹೆಕ್ಸಾಡೆಸಿಮಲ್). ಕೆಲವು ಸಾಫ್ಟ್‌ವೇರ್‌ಗಳು ಅಲ್ಲಿ ದಶಮಾನದ ಅಂಕಿ ಕೇಳುತ್ತವೆ. ಆಗ 659 ಎಂದು ಬರೆಯಬೇಕು. 293 ಎಂದೇ ಒತ್ತಿದರೆ ಸಾಫ್ಟ್‌ವೇರ್ ಏನೂ ತಕರಾರು ಮಾಡುವುದಿಲ್ಲ. ತಪ್ಪು ಸಂಖ್ಯೆ ಒಳಗೆ ಹೋಗಿ ಕೂತಿರುತ್ತದೆ. ಪರದೆಯಲ್ಲಿ ಮಾತ್ರ 293 ಎಂದೇ ಕಾಣುತ್ತಿರುತ್ತದೆ, ನೋಡಿದವರು "ಸರಿ ಇದೆಯಲ್ಲ" ಎನ್ನುತ್ತಾರೆ. ನಾನೂ ಅಂದವನೇ.

ಪರೀಕ್ಷೆಗೆ ಒಂದು ಉಪಾಯ ಇದೆ. ಕೇಳುವ ಎನ್‌ಎಸಿಯನ್ನು ತಾತ್ಕಾಲಿಕವಾಗಿ ಎಫ್7ಇ ಮಾಡಿ. ಯಾವ ಎನ್‌ಎಸಿ ಬಂದರೂ ಸ್ಪೀಕರ್ ತೆರೆ ಎಂದು ಅದರ ಅರ್ಥ. ಡಿಜಿಟಲ್ ಲೋಕದ ಮಾನಿಟರ್ ಬಟನ್ ಎಂದುಕೊಳ್ಳಿ.

ಎನ್‌ಕ್ರಿಪ್ಷನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಬ್ಬರ ರೇಡಿಯೋದಲ್ಲಿ ಗುಪ್ತ ಮಾತಿನ ಸ್ವಿಚ್ ಹಾಕಿಯೇ ಇದ್ದು, ಇನ್ನೊಬ್ಬರ ಹತ್ತಿರ ಅದೇ ಕೀಲಿ ಇಲ್ಲದಿದ್ದರೆ ಮೌನ ಇಲ್ಲವೇ ಕಲಸುಮೇಲೋಗರದ ಸದ್ದು. ಸ್ವಿಚ್ ಆಫ್ ಮಾಡಿ ಇನ್ನೊಮ್ಮೆ ಕರೆಯಿರಿ. ಇಂಟರ್‌ಆಪ್ ಚಾನೆಲ್ ಪ್ರೋಗ್ರಾಂ ಮಾಡುವಾಗ ಸ್ವಿಚ್ ಎಲ್ಲಿದ್ದರೂ ತೆರೆದ ಮಾತೇ ಹೋಗುವಂತೆ ಕಟ್ಟಿಹಾಕುವುದು ಒಳ್ಳೆಯದು.

ಟ್ರಂಕ್ ವ್ಯವಸ್ಥೆಯಲ್ಲಿ "ಬೊಂಕ್" ಎಂದರೆ

ದೊಡ್ಡ ಕೌಂಟಿಗಳಲ್ಲಿ ಫ್ರೀಕ್ವೆನ್ಸಿಯನ್ನು ಕಂಪ್ಯೂಟರ್ ಹಂಚುತ್ತದೆ, ಬಳಸುವವರಿಗೆ ಕಾಣುವುದು ಟಾಕ್‌ಗ್ರೂಪ್, ಅಂದರೆ ಒಟ್ಟಿಗೆ ಮಾತಾಡುವ ಗುಂಪಿನ ಸಂಖ್ಯೆ, ಮಾತ್ರ. ಇದೇ ಟ್ರಂಕ್ ವ್ಯವಸ್ಥೆ. ಇಲ್ಲಿ ಪಕ್ಕದ ಇಲಾಖೆಯವರಿಗೆ ಟಾಕ್‌ಗ್ರೂಪ್ ಸಂಖ್ಯೆ ಕೊಟ್ಟರೆ ಸಾಲದು. ಅವರ ರೇಡಿಯೋದ ಗುರುತು ಸಂಖ್ಯೆಯನ್ನು ಈ ವ್ಯವಸ್ಥೆಯ ಪಟ್ಟಿಗೆ ಸೇರಿಸಬೇಕು. ಸೇರಿಸದಿದ್ದರೆ ಪಿಟಿಟಿ ಒತ್ತಿದ ಕೂಡಲೇ ರೇಡಿಯೋ "ಬೊಂಕ್" ಎಂದು ಬೈಯುತ್ತದೆ. ಅದು ರೇಡಿಯೋ ಕೆಟ್ಟ ಸದ್ದಲ್ಲ, ಕಂಪ್ಯೂಟರ್ "ನೀನು ಯಾರು?" ಎಂದು ಕೇಳುವ ಸದ್ದು.

ಹಿಡಿಯಲು ಕಷ್ಟವಾದ ಇನ್ನೊಂದು ದೋಷ ಇಲ್ಲೇ ಇದೆ. ಒಂದೇ ಟಾಕ್‌ಗ್ರೂಪ್, ಒಂದೇ ಬಗೆಯ ರೇಡಿಯೋ, ಬೊಂಕ್ ಕೂಡ ಇಲ್ಲ, ಆದರೂ ಊರಿನ ಪೂರ್ವದವರ ಮಾತು ಪಶ್ಚಿಮದವರಿಗೆ ಕೇಳುವುದಿಲ್ಲ. ಒಂದು ಟವರ್‌ಗೂ ಮುಖ್ಯ ಕಂಪ್ಯೂಟರ್‌ಗೂ ನಡುವಿನ ಕೊಂಡಿ ಕಡಿದಿದೆ, ಆ ಟವರ್ ತನ್ನ ಪಾಡಿಗೆ ಒಂಟಿಯಾಗಿ ನಡೆಯುತ್ತಿದೆ. ಅದರ ಕೆಳಗಿರುವವರು ತಮ್ಮೊಳಗೆ ಚೆನ್ನಾಗಿ ಮಾತಾಡುತ್ತಾರೆ. ಬಹಳಷ್ಟು ರೇಡಿಯೋಗಳ ಪರದೆಯಲ್ಲಿ "ಸೈಟ್ ಟ್ರಂಕಿಂಗ್" ಎಂದು ಬರುತ್ತದೆ. ಗಲಾಟೆಯಲ್ಲಿ ಪರದೆ ನೋಡುವವರು ಯಾರು?

ಗೇಟ್‌ವೇ: ಪಿಂಗ್‌ಪಾಂಗ್ ಆಟ

ಬೇರೆ ಬೇರೆ ಬ್ಯಾಂಡಿನ ಎರಡು ರೇಡಿಯೋಗಳನ್ನು ಬೆನ್ನಿಗೆ ಬೆನ್ನು ಕಟ್ಟಿ, ಒಂದು ಕೇಳಿದ್ದನ್ನು ಇನ್ನೊಂದರಿಂದ ಹೇಳಿಸುವ ಪೆಟ್ಟಿಗೆಯೇ ಗೇಟ್‌ವೇ. ಡಿಸ್ಪ್ಯಾಚ್ ಕನ್ಸೋಲ್‌ನಲ್ಲಿ ಮಾಡುವ ಪ್ಯಾಚ್ ಕೂಡ ಇದೇ ಕೆಲಸ. ಇಲ್ಲಿ ಎರಡು ದೂರು ಜಾಸ್ತಿ.

ಮೊದಲನೆಯದು, ಮಾತಿನ ತಲೆ ಹಾರಿ ಹೋಗುವುದು. "ಒಳಗೆ ಹೋಗಬೇಡಿ" ಎನ್ನುವುದರಲ್ಲಿ ಮೊದಲ ಪದ ನುಂಗಿಹೋಗುತ್ತದೆ. ಗೇಟ್‌ವೇ ಅಲೆ ಗುರುತಿಸಿ, ಇನ್ನೊಂದು ರೇಡಿಯೋ ಒತ್ತಿ, ಅದು ತನ್ನ ರಿಪೀಟರ್ ಎಬ್ಬಿಸುವಷ್ಟರಲ್ಲಿ ಒಂದು ಕ್ಷಣ ಕಳೆದಿರುತ್ತದೆ. ದನಿ ಬಂದಾಗ ಎಬ್ಬಿಸುವ ಕ್ರಮಕ್ಕೆ ಹಾಕಿದ್ದರೆ ಇನ್ನೂ ತಡ. ಅಲೆ ಬಂದ ಕೂಡಲೇ ಎಬ್ಬಿಸುವ ಕ್ರಮಕ್ಕೆ ಬದಲಿಸಿ. ಬಳಸುವವರಿಗೂ ಹೇಳಿ: ಒತ್ತಿ, ಒಂದು ಉಸಿರು ನಿಂತು, ಆಮೇಲೆ ಮಾತಾಡಿ.

ಎರಡನೆಯದು ಪಿಂಗ್‌ಪಾಂಗ್. ಯಾರೂ ಮಾತಾಡುತ್ತಿಲ್ಲ, ಆದರೂ ಎರಡೂ ಚಾನೆಲ್ ತಾವಾಗಿಯೇ ಆನ್ ಆಫ್ ಆಗುತ್ತಿವೆ. ಕಾರಣ ಬಹುತೇಕ ರಿಪೀಟರ್‌ನ ಬಾಲ. ಮಾತು ನಿಂತ ಮೇಲೂ ರಿಪೀಟರ್ ಒಂದೆರಡು ಸೆಕೆಂಡು ಅಲೆ ಬಿಡುತ್ತಲೇ ಇರುತ್ತದೆ. ಗೇಟ್‌ವೇ ಅದನ್ನು ಹೊಸ ಮಾತು ಎಂದುಕೊಂಡು ಆ ಕಡೆ ಒತ್ತುತ್ತದೆ. ಆ ಕಡೆಯ ರಿಪೀಟರ್‌ನ ಬಾಲ ಈ ಕಡೆ ಒತ್ತುತ್ತದೆ. ಹೀಗೇ ಬೆಳಗಿನವರೆಗೆ ನಡೆಯಬಹುದು. ಬಾಲದಲ್ಲಿ ಟೋನ್ ಕಳಿಸದಂತೆ ರಿಪೀಟರನ್ನು ಹೊಂದಿಸಿ. ಗೇಟ್‌ವೇ ಪಕ್ಕದ ರೇಡಿಯೋಗೆ ಟೋನ್ ಇದ್ದರೆ ಮಾತ್ರ ಕೇಳು ಎಂದು ಹೇಳಿ. ಮೇಲೆ ಕೇಳುವ ಕಡೆ ಟೋನ್ ಬೇಡ ಎಂದೆನಲ್ಲ, ಗೇಟ್‌ವೇ ರೇಡಿಯೋ ಅದಕ್ಕೆ ಹೊರತು. ಇದೆಲ್ಲ ಮಾಡಿದರೂ ನಿಲ್ಲದಿದ್ದರೆ, ಅದೇ ಎರಡು ಚಾನೆಲ್‌ಗಳನ್ನು ಬೇರೆ ಯಾರೋ ಎರಡನೆಯ ಗೇಟ್‌ವೇಯಲ್ಲಿ ಜೋಡಿಸಿಟ್ಟಿಲ್ಲ ತಾನೇ ಎಂದು ವಿಚಾರಿಸಿ.

ಪರೀಕ್ಷೆ ಮಾಡುವ ನಮ್ಮದೇ ತಪ್ಪುಗಳು

ರಿಪೀಟರ್ ಪರೀಕ್ಷೆಗೆ ಎರಡು ಕೈರೇಡಿಯೋಗಳನ್ನು ಒಂದೇ ಮೇಜಿನ ಮೇಲಿಟ್ಟು ನೋಡಬೇಡಿ. ಒಂದು ಕಳಿಸುವಾಗ ಅದರ ಅಬ್ಬರಕ್ಕೆ ಪಕ್ಕದ್ದು ಕಿವುಡಾಗುತ್ತದೆ, ಫ್ರೀಕ್ವೆನ್ಸಿ ಬೇರೆ ಇದ್ದರೂ. ರಿಪೀಟರ್ ಸರಿಯಾಗಿಯೇ ಹೇಳುತ್ತಿರುತ್ತದೆ, ಕೇಳುವ ರೇಡಿಯೋಗೆ ಆಗುವುದಿಲ್ಲ. ಒಬ್ಬರು ಕಟ್ಟಡದ ಆಚೆ ಬದಿಗೆ ನಡೆದು ಹೋಗಲಿ.

ಈ ತಪ್ಪಿನ ದೊಡ್ಡ ರೂಪ ಒಂದು ದಾಖಲೆಯಲ್ಲಿದೆ. 1993ರ ಬಾಂಬ್ ದಾಳಿಯ ಬಳಿಕ ನ್ಯೂಯಾರ್ಕ್‌ನ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ ಅಗ್ನಿಶಾಮಕ ದಳದ ರೇಡಿಯೋಗಳಿಗೆಂದು ರಿಪೀಟರ್ ಹಾಕಿದ್ದರು. 2001ರ ಸೆಪ್ಟೆಂಬರ್ 11ರ ಬೆಳಿಗ್ಗೆ ಅದನ್ನು ಆನ್ ಮಾಡಿದರು. ಒತ್ತಬೇಕಿದ್ದ ಬಟನ್ ಎರಡು: ಒಂದು ರಿಪೀಟರ್‌ಗೆ, ಇನ್ನೊಂದು ಕನ್ಸೋಲ್‌ನ ಹ್ಯಾಂಡ್‌ಸೆಟ್‌ನಿಂದ ಮಾತಾಡಲು. ಎರಡನೆಯದನ್ನು ಒತ್ತಿರಲಿಲ್ಲ. ಉತ್ತರ ಗೋಪುರದ ಲಾಬಿಯಲ್ಲಿದ್ದ ಮುಖ್ಯಸ್ಥರು ಅದೇ ಹ್ಯಾಂಡ್‌ಸೆಟ್‌ನಿಂದ ಪರೀಕ್ಷೆ ಮಾಡಿ, ರಿಪೀಟರ್ ಕೆಲಸ ಮಾಡುತ್ತಿಲ್ಲ ಎಂದುಕೊಂಡು ಬಿಟ್ಟರು. ದಕ್ಷಿಣ ಗೋಪುರದಲ್ಲಿ ಅದೇ ಚಾನೆಲ್‌ನಲ್ಲಿ ಮಾತು ನಡೆಯಿತು ಎಂದು 2004ರ ತನಿಖಾ ಆಯೋಗದ ವರದಿ ಹೇಳುತ್ತದೆ. ಅವತ್ತು ಪೊಲೀಸ್ ಹೆಲಿಕಾಪ್ಟರ್‌ಗಳಿಂದ ಬಂದ ಎಚ್ಚರಿಕೆಗಳೂ ಅಗ್ನಿಶಾಮಕ ಮುಖ್ಯಸ್ಥರ ರೇಡಿಯೋಗೆ ಬರಲಿಲ್ಲ, ಏಕೆಂದರೆ ಇಬ್ಬರ ಚಾನೆಲ್ ಬೇರೆ. ಆ ಬೆಳಗಿನ ಒತ್ತಡದಲ್ಲಿ ಇದ್ದವರನ್ನು ದೂರುವ ಮಾತಲ್ಲ. ಆದರೆ ಪರೀಕ್ಷೆ ಸೋತಾಗ ಪರೀಕ್ಷೆ ಮಾಡಿದ ಸಾಧನವನ್ನೂ ಬದಲಿಸಿ ನೋಡುವ ಅಭ್ಯಾಸ ನನಗೆ ಬಂದದ್ದು ಇದನ್ನು ಓದಿದ ಮೇಲೆ. ಈಗ ಎರಡು ರೇಡಿಯೋ ನಡುವೆ ಮಾತು ಹೋಗದಿದ್ದರೆ ಮೂರನೆಯ ರೇಡಿಯೋ ತಂದೇ ತರುತ್ತೇನೆ.

ಎಲ್ಲ ಸರಿ ಇದೆ, ಉತ್ತರ ಮಾತ್ರ ಇಲ್ಲ

ವಿಕಾಲ್10ರಲ್ಲಿ ಕರೆದರು, ಯಾರೂ ಓಗೊಡಲಿಲ್ಲ. ಫ್ರೀಕ್ವೆನ್ಸಿ, ಟೋನ್, ಅಗಲ ಎಲ್ಲ ಪಕ್ಕಾ. ಇಲ್ಲಿ ಮರೆಯುವ ವಿಷಯ ಏನೆಂದರೆ, ಇಲಾಖೆಯ ಕಾರು ಮತ್ತು ಕೈರೇಡಿಯೋಗಳು ಈ ಚಾನೆಲ್‌ಗಳನ್ನು ಬೇರೆ ಲೈಸೆನ್ಸ್ ಇಲ್ಲದೆ ಬಳಸಬಹುದು, ಆದರೆ ಡಿಸ್ಪ್ಯಾಚ್ ಕೇಂದ್ರದ ಸ್ಥಿರ ಸ್ಟೇಷನ್‌ಗೆ ಪ್ರತ್ಯೇಕ ಲೈಸೆನ್ಸ್ ಬೇಕು. ಹಾಗಾಗಿ ಕಾರುಗಳಲ್ಲಿ ಚಾನೆಲ್ ಇದ್ದೂ ಕೇಂದ್ರದಲ್ಲಿ ಅದನ್ನು ಕೇಳಲು ರೇಡಿಯೋವೇ ಇರದ ಊರುಗಳಿವೆ. ಇದ್ದರೂ ವಾಲ್ಯೂಮ್ ಸೊನ್ನೆಗೆ ಇಳಿಸಿರುತ್ತಾರೆ. ಫೋನ್ ಮಾಡಿ ಕೇಳಿ: ಈ ಚಾನೆಲನ್ನು ಯಾರು, ಎಷ್ಟು ಹೊತ್ತು ಕೇಳುತ್ತಾರೆ?

ನೇರ ಚಾನೆಲ್‌ನಲ್ಲಿ ದೂರವನ್ನೂ ಲೆಕ್ಕಕ್ಕೆ ಹಿಡಿಯಿರಿ. ಐದು ವ್ಯಾಟ್‌ನ ಕೈರೇಡಿಯೋವನ್ನು ಸೊಂಟಕ್ಕೆ ಸಿಕ್ಕಿಸಿ, ಕಾರೊಳಗೆ ಕೂತು ಮಾತಾಡಿದರೆ ಬಹಳಷ್ಟು ಶಕ್ತಿ ಮೈಗೆ, ತಗಡಿಗೆ ಹೋಗುತ್ತದೆ. ಹೊರಗೆ ಬಂದು ರೇಡಿಯೋವನ್ನು ಮುಖದ ಎತ್ತರಕ್ಕೆ ಹಿಡಿದು ನೋಡಿ.

ಕೊನೆಗೆ ಒಂದು ವಿಚಿತ್ರ ದೂರು. ದನಿ ಸ್ಪಷ್ಟ, ಎರಡೂ ಕಡೆ ಕೇಳುತ್ತದೆ, ಆದರೂ "ಏನು ಹೇಳ್ತಾರೋ ತಿಳೀತಿಲ್ಲ" ಎನ್ನುತ್ತಾರೆ. ಇದು ಹತ್ತರ ಕೋಡ್‌ಗಳ, ಅಂದರೆ ಮಾತಿನ ಬದಲು ಬಳಸುವ, ಹತ್ತರಿಂದ ಶುರುವಾಗುವ ಅಂಕಿಗಳ ಕೆಲಸ. ಒಂದು ಊರಿನಲ್ಲಿ ಅಪಘಾತ ಎಂಬ ಅರ್ಥದ ಕೋಡ್‌ಗೆ ಪಕ್ಕದ ಊರಿನಲ್ಲಿ ಬೇರೆಯೇ ಅರ್ಥ. 2006ರ ಹಣಕಾಸು ವರ್ಷದಿಂದ ಕೇಂದ್ರ ಸರಕಾರ ಇದಕ್ಕೆ ಅನುದಾನದ ಗಂಟು ಹಾಕಿದೆ: ಹಲವು ಇಲಾಖೆ ಸೇರುವ ಘಟನೆಗಳಲ್ಲಿ ಕೋಡ್ ಬಿಟ್ಟು ಸಾದಾ ಮಾತಾಡಬೇಕು. ಈ ದೂರಿನ ಚೀಟಿಯ ಮೇಲೆ ನಾನು "ರೇಡಿಯೋ ಸರಿ ಇದೆ, ತರಬೇತಿ ವಿಭಾಗಕ್ಕೆ ಕಳಿಸಿ" ಎಂದು ಬರೆದು, ರೇಡಿಯೋ ಬಿಚ್ಚದೆ ವಾಪಸ್ ಕೊಡುತ್ತೇನೆ.